ಉರಿಯದ ಬಲ್ಬು

ಬಚ್ಚಲಿನ ಸ್ವಿಚ್ಚು ಆನ್ ಆಗಿತ್ತು. ಬಲ್ಬು ಮಾತ್ರ ಉರಿದಿರಲಿಲ್ಲ. ಆ ಕತ್ತಲಲ್ಲೇ ನಲ್ಲಿಗೆ ಕೈ ಹಾಕಿದ ಪುಷ್ಪಲತಾ ಸತ್ತಿದ್ದಳು.

ನಸುಕಿನಲ್ಲಿ ಜಳಕಕ್ಕೆ ಹೋದವಳು. ತಂಬಿಗೆ ಬಿದ್ದ ಸದ್ದಿಗೆ ಗಂಡ ದುರುಗೇಶ್ ಎದ್ದು ಓಡಿ, ನಲ್ಲಿಗೆ ಕಚ್ಚಿಕೊಂಡ ಅವಳ ಕೈ ಕಂಡು ಮೇನ್ ಆಫ್ ಮಾಡಿದ್ದ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಕೊಟ್ಟೂರಿನಿಂದ ಪಿಎಸ್ಐ ಸೌಭಾಗ್ಯ ಉಜ್ಜಿನಿಗೆ ಬಂದಾಗ ಸತ್ತವಳ ಅಪ್ಪ ಯರ್ರಿಸ್ವಾಮಿ ಎದೆ ಬಡಿದುಕೊಳ್ಳುತ್ತಿದ್ದ. ಊರಿಗೆಲ್ಲ ವೈರಿಂಗ್ ಮಾಡುವವನು ಅವನೇ.

"ಇವನೇ ಕರೆಂಟ್ ಕೊಟ್ಟು ಕೊಂದಾನ್ರಿ ಮೇಡಂ! ನಿನ್ನಿ ಮುಂಜಾನಿಯಿಂದ ಜಗಳ ಮಾಡ್ಯಾನ. ಬಿಡಬ್ಯಾಡ್ರಿ!"

ದುರುಗೇಶನನ್ನು ಜೀಪಿನಲ್ಲಿ ಕೂರಿಸಿದರೆ ಕೂತ. ಕೊಲೆ ಕೇಸು ನಿಂತರೆ ಅವನ ಬಾಳು ಅಲ್ಲಿಗೆ ಮುಗಿಯಿತು. ಊರಂತೂ ಆಗಲೇ ತೀರ್ಪು ಕೊಟ್ಟಾಗಿತ್ತು. ಊರ ಬಾಯಿಗೆ ಯಾವಾಗಲೂ ಬಲು ಅವಸರ.

*

"ಜಗಳ ಯಾತಕ್ಕ?" ಸೌಭಾಗ್ಯ ಪಕ್ಕದ ಮನೆಯ ಮಾರೆಮ್ಮನನ್ನು ಕೇಳಿದಳು.

"ನೀರಿಗೆ ರೀ. ತುಕ್ಕು ಹಿಡಿದ ಪೈಪು, ಕೆಂಪು ನೀರು. ಇದ್ರಾಗ ಜಳಕ ಮಾಡಂಗಿಲ್ಲ ಅಂದ್ಳು. ಪಾಪ, ಗಂಡ ಸಂಜಿಮಟ ನೆಲ ಅಗೆದು ಪ್ಲಾಸ್ಟಿಕ್ ಪೈಪ್ ಹಾಕಿದ."

"ಆಕಿನ್ನ ಹೊರಗ ತಂದ ಮ್ಯಾಲೆ ಬಚ್ಚಲಕ್ಕ ಯಾರು ಹೋಗಿದ್ರು?"

"ಆಕಿ ಅಪ್ಪ. ಕರೆಂಟ್ ಐತಿ, ಯಾರೂ ಬರಬ್ಯಾಡ್ರಿ ಅಂದು ಬಾಗ್ಲಾ ಹಾಕ್ಕಂಡ."

"ಮೇನ್ ಆಫ್ ಆಗಿತ್ತಲ್ಲ?"

"ಹೂಂ... ಆಗಿತ್ತು."

*

ಸೌಭಾಗ್ಯ ಬಚ್ಚಲಿನ ಬಲ್ಬನ್ನು ಬಿಚ್ಚಿ ಅಡುಗೆಮನೆಯಲ್ಲಿ ಹಾಕಿಸಿ ಮೇನ್ ಆನ್ ಮಾಡಿಸಿದಳು. ಝಗ್ಗನೆ ಉರಿಯಿತು. ಬಲ್ಬು ಕೆಟ್ಟಿರಲಿಲ್ಲ.

ಮತ್ತೆ ಮೇನ್ ಆಫ್ ಮಾಡಿಸಿ ಬಚ್ಚಲಿಗೆ ಬಂದಳು. ಹೋಲ್ಡರಿಗೆ ಮನೆಯಿಂದ ಬಂದದ್ದು ಒಂದೇ ವೈರು. ಇನ್ನೊಂದು ಹೋಲ್ಡರಿನಿಂದ ಗೋಡೆಗುಂಟ ಇಳಿದು ನಲ್ಲಿಯ ಗೇಣು ಮೇಲೆ ನಿಂತಿತ್ತು. ತುದಿಯ ತಾಮ್ರ ಫಳಫಳ ಹೊಳೆಯುತ್ತಿತ್ತು, ಈಗಷ್ಟೇ ಕತ್ತರಿಸಿದ್ದು. ನಲ್ಲಿಗೆ ಉಳಿದಿದ್ದ ಹಳೆಯ ಕಬ್ಬಿಣದ ತುಂಡಿನ ಮೇಲೆ ಬಳೆಯಗಲದ ಒಂದು ಸುತ್ತು ತುಕ್ಕೇ ಇರಲಿಲ್ಲ, ವೈರು ಸುತ್ತಿದ್ದ ಗುರುತು.

ಯರ್ರಿಸ್ವಾಮಿಯನ್ನು ಒಳಗೆ ಕರೆದಳು.

"ಬಲ್ಬಿಗೆ ಎರಡು ವೈರ್ ಬೇಕು. ನೀನು ಒಂದೇ ಎಳೆದು, ಇನ್ನೊಂದು ತುದಿ ನೀರಿನ ಪೈಪಿಗೆ ಸುತ್ತಿದ್ದಿ. ಕಬ್ಬಿಣದ ಪೈಪ್ ನೆಲದಾಗ ಇರೋಮಟ ಕರೆಂಟ್ ಮಣ್ಣಿಗೆ ಇಳೀತು, ಬಲ್ಬ್ ಉರೀತು. ನಿನ್ನಿ ಪ್ಲಾಸ್ಟಿಕ್ ಬಂತು, ದಾರಿ ಕಟ್ ಆತು. ಕರೆಂಟ್ ನಲ್ಲ್ಯಾಗ ನಿಂತಿತ್ತು. ನಿನ್ನ ಮಗಳು ಮುಟ್ಟಿದ್ಲು. ಕರೆಂಟ್ ಸೋರಿದ್ರ ತಾನ ಬೀಳೋ ಟ್ರಿಪ್ಪರ್ ಇದ್ದಿದ್ರ ಆಕಿ ಉಳೀತಿದ್ಲು. ಅದನ್ನೂ ಹಾಕಿಲ್ಲ. ಮುಂಜಾನಿ ನೋಡಿದ ಕೂಡ್ಲೇ ನಿನಗ ತಿಳೀತು. ವೈರ್ ಕತ್ತರಿಸಿ ಅಳಿಯನ ಕಡಿ ಬಟ್ಟು ಮಾಡಿದಿ."

ಯರ್ರಿಸ್ವಾಮಿ ಸೊಂಟದಲ್ಲಿದ್ದ ಕಟಿಂಗ್ ಪ್ಲೇಯರನ್ನು ತಾನೇ ತೆಗೆದುಕೊಟ್ಟ. ಅದರ ಬಾಯಲ್ಲಿ ತಾಮ್ರದ ಎಳೆ ಸಿಕ್ಕಿಕೊಂಡಿತ್ತು.

"ನಮ್ಮ ಕಡಿ ಎಲ್ಲಾರೂ ಹಂಗ ಮಾಡ್ತಾರ್ರಿ. ಅಂಜಿಕಿ ಆತು. ಮಗಳನ್ನ ಕೊಂದಾವ ಅಂತ ಹೆಂಗ ಹೇಳ್ಕಳ್ಳಿ?"

"ಹಿಂಗ ಎಷ್ಟು ಮನಿಗೆ ಹಾಕೀಯಪ್ಪ?"

ಅವನು ಬೆರಳು ಮಡಚುತ್ತ ಹೋದ. ಎರಡೂ ಕೈ ಮುಗಿದವು. ಮತ್ತೆ ಮೊದಲಿನಿಂದ ಹಿಡಿದ. ಹೊರಗೆ ಎದುರು ಮನೆಯ ಗೋಡೆಗೆ ಹೊಸ ಪ್ಲಾಸ್ಟಿಕ್ ಪೈಪುಗಳ ಕಟ್ಟು ಒರಗಿತ್ತು.

*

ಸೌಭಾಗ್ಯ ಜೀಪಿನ ಬಾಗಿಲು ತೆಗೆದು ನಡೆದದ್ದನ್ನೆಲ್ಲ ಹೇಳಿದಳು. "ಇಳಿಯಪ್ಪ ದುರುಗೇಶ. ನಿನ್ನ ತಪ್ಪಿಲ್ಲ."

ಅವನು ಇಳಿಯಲಿಲ್ಲ.

"ಕಬ್ಬಿಣದ್ದು ಹಂಗ ಇದ್ದಿದ್ರ ಆಕಿ ಇರ್ತಿದ್ಲೇನ್ರಿ ಮೇಡಂ?"

ಸೌಭಾಗ್ಯ ಜೀಪ್ ಹತ್ತಿ ಅವನ ಪಕ್ಕ ಕೂತಳು. "ಹೂಂ, ಇರ್ತಿದ್ಲಪ್ಪ," ಅಂದಳು.