ಹೆಚ್ಚಾದ ನೂರಾ ಮೂವತ್ತು ಕಿಲೋಮೀಟರ್

"ನೂರಾ ಮೂವತ್ತು ಕಿಲೋಮೀಟರ್ ಜಾಸ್ತಿ! ಗಾಡಿ ತಗೊಂಡು ಯಾರ ಮನೆಗೆ ಹೋಗಿದ್ರಿ?"

ಔಷಧಿ ಗೋದಾಮಿನ ಗುಮಾಸ್ತೆ ಲಾಗ್ ಪುಸ್ತಕವನ್ನು ಮೇಜಿಗೆ ಕುಕ್ಕಿದಳು. ಎದುರಿಗಿದ್ದ ಹೊಸ ಡ್ರೈವರ್‌ನ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು.

"ರಸ್ತೆ ಎಷ್ಟಿದೆಯೋ ಅಷ್ಟೇ ಓಡಿಸಿದ್ದೀನಿ ಮೇಡಂ."

"ನನ್ನ ಪಟ್ಟಿಯಲ್ಲಿ ನೀವು ಔಷಧಿ ಒಯ್ಯೋ ಊರಿಗೆ ನೂರಾ ಎಂಬತ್ತು. ನಿಮ್ಮ ಮೀಟರ್‌ನಲ್ಲಿ ಮುನ್ನೂರಾ ಹತ್ತು! ಮೀಟರ್‌ಗೇನು ತಲೆ ಕೆಟ್ಟಿದೆಯಾ?"

"ಒಂದ್ಸಲ ಬಂದು ನೋಡಿ. ಕೂತಲ್ಲೇ ಕೂತು ನನ್ನನ್ನ ಕಳ್ಳ ಅನ್ನಬೇಡಿ."

ಅಬ್ಬಾ, ಏನು ಧಿಮಾಕು! ಅವಳ ಮೈಯೆಲ್ಲ ಉರಿದುಹೋಯಿತು. ಮೊದಲೇ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವಳು. ಆರು ವಾರದಿಂದ ಇಬ್ಬರದೂ ಹಾವು ಮುಂಗುಸಿಯ ನಂಟು. ಅಂದೇ ದೂರು ಬರೆದುಬಿಟ್ಟಳು.

ಮ್ಯಾನೇಜರ್ ಓದಿ ಹೇಳಿದರು, "ನಾಳೆ ನೀನೇ ಜೊತೆಗೆ ಹೋಗಮ್ಮ. ಅಡ್ಡದಾರಿ ಹಿಡಿದ್ರೆ ಅವನ ಕೆಲಸ ಅಲ್ಲಿಗೇ ಮುಗೀತು."

'ಸಿಕ್ಕಿಬಿದ್ದ!' ಎಂದುಕೊಂಡಳು. ಆದರೂ ರಾತ್ರಿ ಯಾಕೋ ಊಟ ಸೇರಲಿಲ್ಲ...

ಬೆಳಗ್ಗೆ ವ್ಯಾನ್ ಹೊರಟಿತು. ಔಷಧಿ ಕೆಡದಂತೆ ಇಟ್ಟ ಐಸ್ ಕರಗೀತೆಂದು ಅವನು ಚಹಾಕ್ಕೂ ನಿಲ್ಲಿಸಲಿಲ್ಲ. ಬೆಟ್ಟ ಹತ್ತಿ ಇಳಿದಾಯಿತು, ದೊಡ್ಡ ಸರೋವರದ ದಡ ಸುತ್ತುವುದು ಮಾತ್ರ ಮುಗಿಯುತ್ತಲೇ ಇಲ್ಲ. ಮೀಟರ್ ನೂರಾ ಎಂಬತ್ತು ತೋರಿಸಿತು. ರಸ್ತೆ ಬದಿಯ ಫಲಕದಲ್ಲಿ, ಊರಿಗೆ ಇನ್ನೂ ನೂರಾ ಮೂವತ್ತು!

"ಎಲ್ಲೋ ತಿರುವು ತಪ್ಪಿದ್ರಿ..."

"ಬೇರೆ ದಾರಿ ಇದ್ರೆ ತೋರಿಸಿ, ಹೋಗೋಣ."

ಒಂದು ಕಡೆ ನೀರು, ಇನ್ನೊಂದು ಕಡೆ ಬಂಡೆ. ಏನಂತ ತೋರಿಸುವುದು? ಮ್ಯಾನೇಜರ್‌ಗೆ ಫೋನ್ ಮಾಡಿದಳು.

"ಸರ್, ನನ್ನ ಪಟ್ಟಿ ಯಾವ ಕಾಲದ್ದು?"

"ಈ ವ್ಯಾನ್ ಬರೋಕೆ ಮುಂಚೆ ಔಷಧಿ ವಿಮಾನದಲ್ಲಿ ಹೋಗ್ತಿತ್ತಲ್ಲ, ಆಗಿಂದು. ಯಾಕಮ್ಮ?"

ವಿಮಾನಕ್ಕೆ ಬೆಟ್ಟವೇನು, ಸರೋವರವೇನು! ನೆಟ್ಟಗೆ ಹಾರುವ ಲೆಕ್ಕ ಹಿಡಿದು ಸುತ್ತಿ ಬಳಸಿ ಓಡುವವನನ್ನು ಅಳೆದಿದ್ದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಇವಳು ಪ್ರತ್ಯಕ್ಷವಾಗಿ ಕಾಣುವುದಕ್ಕೂ ಹೋಗಿರಲಿಲ್ಲ.

"ತಪ್ಪು ನನ್ನದು ಸರ್. ಇವರು ಒಂದಡಿಯೂ ಆಚೀಚೆ ಹೋಗಿಲ್ಲ. ಬರೆದು ಕೊಡ್ತೀನಿ. ಕೆಲಸದಿಂದ ತೆಗೀಬೇಕಂದ್ರೆ ನನ್ನನ್ನ ತೆಗೀರಿ."

"ಯಾರನ್ನೂ ತೆಗೆಯಲ್ಲ. ಮೊದಲು ಆ ಪಟ್ಟಿ ಹರಿದು ಹಾಕು!"

ಫೋನ್ ಇಟ್ಟಳು. ಅವನ ಮುಖ ಇನ್ನೂ ಬಿಗಿದೇ ಇತ್ತು.

"ಕ್ಷಮಿಸಿ..." ಕಣ್ಣೀರು ಕೆನ್ನೆಗಿಳಿಯಿತು. "ಎಲ್ಲರೆದುರು ಅವಮಾನ ಮಾಡಿದೆ. ಆದ್ರೂ ಪ್ರತಿ ಸಲ ಬಂದು ನಿಂತು ಯಾಕೆ ಬೈಸ್ಕೊಂಡ್ರಿ? ಪುಸ್ತಕ ಗೇಟಲ್ಲೇ ಕೊಡಬಹುದಿತ್ತು."

ಅವನು ಗೇರ್ ಬದಲಿಸಿ ವೇಗ ತಗ್ಗಿಸಿದ.

"ಕೊಡಬಹುದಿತ್ತು. ಆದ್ರೆ... ಬೈಯೋವಾಗಲಾದ್ರೂ ನೀವು ನನ್ನ ಕಡೆ ನೋಡ್ತಿದ್ರಲ್ಲ."

ಅವಳ ಎದೆ ಧಸಕ್ಕೆಂದಿತು! ಇಷ್ಟು ದಿನ ಲಾಗ್ ಪುಸ್ತಕಕ್ಕಿಂತ ಮೊದಲು ಅವನ ಹೆಜ್ಜೆ ಸದ್ದಿಗೆ ಕಾಯುತ್ತಿದ್ದುದು ಕೋಪಕ್ಕಲ್ಲ ಎಂದು ಅವಳಿಗೆ ಆಗ ಅರ್ಥವಾಯಿತು.

"ನನ್ನ ಕಡೆ ಏನು ನೋಡ್ತೀರಿ? ಮುಂದೆ ನೋಡಿ ಓಡಿಸಿ!"

"ಬೈದ್ರಾ?"

"ಹೂಂ... ಬೈದೆ. ಜೀವನಪೂರ್ತಿ ಬೈತೀನಿ, ಆಗುತ್ತಾ?"

"ಆಗುತ್ತೆ," ಎಂದ ಅವನು, ಮೊದಲ ಸಲ ನಗುತ್ತಾ.