ಏಳನೇ ನಂಬರ್ ಮನೆಯ ಹೊಸಿಲು

“ಹೊಸಿಲಿಗೆ ಮಾತ್ರ ಹಾರೆ ಹಾಕಿಸ್ಬ್ಯಾಡಿ ಡಾಕ್ಟ್ರೇ. ನಿಮ್ಮ ಕಾಲಿಗೆ ಬೀಳ್ತೀನಿ.”

ಹಬೀಬ್ ಸಾಬರು ಬಾಯಿಮಾತಿಗೆ ಹೇಳಿದ್ದಲ್ಲ, ನಿಜವಾಗಿಯೂ ಬಗ್ಗಿದ್ದರು. ಕುದುರೆ ಗೊರಸಿಗೆ ಲಾಳ ಹೊಡೆದು ಹೊಡೆದು ಗೂನಾದ ಬೆನ್ನು ಅದು. ಮನುಷ್ಯರ ಮುಂದೆ ಸುಲಭಕ್ಕೆ ಬಗ್ಗುವಂಥದ್ದಲ್ಲ. ಆದರೂ ಮಹಾದೇವಯ್ಯ ನಕ್ಕುಬಿಟ್ಟ. ಗುಬ್ಬಿಯಿಂದ ಕುಣಿಗಲ್ಲಿನ ದನದ ಆಸ್ಪತ್ರೆಗೆ ವರ್ಗವಾಗಿ ಅವನು ಬಂದದ್ದೇ ಅವತ್ತು. ಬಂದ ದಿನವೇ ಮಾವ ಚನ್ನವೀರಯ್ಯನವರು ಮದುವೆಯಲ್ಲಿ ಕೊಟ್ಟ ಕಬ್ಬಿಣದ ಬೀರು ಬಾಗಿಲಲ್ಲಿ ಸಿಕ್ಕಿಕೊಂಡು ಕೂತಿತ್ತು. ಓರೆ ಮಾಡೋಣವೆಂದರೆ ಜಗಲಿಯ ಕಂಬ ಅಡ್ಡ, ನೆಟ್ಟಗೆ ನೂಕೋಣವೆಂದರೆ ಎರಡು ಅಂಗುಲ ಸಾಲದು. ಕೆಳಗೆ ಗೇಣುದ್ದ ಎತ್ತರದ ಕರೀ ಮರದ ಹೊಸಿಲು. ಹೊಸಿಲ ನಡುವೆ ಒಂದು ತುಕ್ಕು ಹಿಡಿದ ಲಾಳ.

“ಲಾಳ ಕುದುರೆ ಕಾಲಿಗೆ ಸಾಬ್ರೇ, ಮನೆ ಬಾಗಿಲಿಗಲ್ಲ. ಅದೂ ಇಷ್ಟು ಹೊಸಾ ಬಿಲ್ಡಿಂಗಿಗೆ! ಹಾಕ್ರಪ್ಪಾ ಹಾರೆ.”

ಬಿಲ್ಡಿಂಗು ಹೊಸದೇ, ಎದ್ದು ಏಳೆಂಟು ವರ್ಷವಾಗಿತ್ತಷ್ಟೆ. ಎಂಬತ್ತೆರಡರಲ್ಲಿ ಕುಣಿಗಲ್ ಕೆರೆಯ ದಡಕ್ಕೆ ಅಂಟಿಕೊಂಡಂತೆ ಅಂಥದ್ದೊಂದು ಕಟ್ಟಡ ಇರುವುದೇ ಊರಿಗೊಂದು ಹೆಮ್ಮೆ. ರುದ್ರಯ್ಯ ಎಂಬ ಸಾಹುಕಾರರು ಕಟ್ಟಿಸಿದ ಅದನ್ನು ಎಲ್ಲರೂ ಕೆರೆ ಕಾಂಪ್ಲೆಕ್ಸ್ ಎನ್ನುತ್ತಿದ್ದರು. ರಸ್ತೆ ಕಡೆಗೆ ಕಿರಾಣಿ ಅಂಗಡಿ, ಟೈಲರು, ಹಬೀಬ್ ಸಾಬರ ಲಾಳ ಮತ್ತು ಬೀಗದ ಅಂಗಡಿ, ಸರ್ವಮಂಗಳಮ್ಮನ ಹೋಟೆಲು. ಮೇಲೆ, ಹಿಂದೆ ಎಲ್ಲ ಸೇರಿ ಹನ್ನೆರಡು ಬಾಡಿಗೆ ಮನೆ. ಮನೆಯಿಂದ ಹೊರಬಿದ್ದರೆ ಬಿಸಿ ದೋಸೆ, ಇನ್ನೊಂದು ಕಡೆ ತಿರುಗಿದರೆ ಕಣ್ಣು ಹಾಯುವಷ್ಟು ನೀರು. ಏಳನೇ ನಂಬರ್ ಮನೆ ನೆಲಮಟ್ಟದ್ದು. ಅದರ ಬಾಗಿಲು ಕೆರೆಗೇ ತೆರೆಯುತ್ತಿತ್ತು. ಜಗಲಿ ದಾಟಿದರೆ ಒಂಬತ್ತು ಹಳೇ ಕಲ್ಲಿನ ಮೆಟ್ಟಿಲು, ಆಮೇಲೆ ನೀರು. ಹನ್ನೆರಡು ಮನೆಯಲ್ಲಿ ಮರದ ಹೊಸಿಲು ಇದ್ದದ್ದು ಈ ಒಂದಕ್ಕೆ ಮಾತ್ರ.

ಹಾರೆ ಬಿತ್ತು. ಮರ ಕಿರ್ರೆಂದು ಕೂಗಿ ಮೇಲೆದ್ದಾಗ ಅಡಿಯಿಂದ ತಣ್ಣನೆಯ ಕೆಸರು ವಾಸನೆ ಎದ್ದಿತು. ಬೀರು ಸಲೀಸಾಗಿ ಒಳಹೋಯಿತು. ಲಾಳ ಕಿತ್ತುಕೊಂಡು, ಹೊಸಿಲನ್ನು ಸರ್ವಮಂಗಳಮ್ಮನ ಒಲೆಗೆ ಕಳಿಸಿ, ಮಹಾದೇವಯ್ಯ ಲಾಳವನ್ನು ಸಾಬರ ಕೈಗೆ ಹಾಕಿದ. “ತಗೊಳ್ಳಿ, ಇನ್ಯಾವುದಾದ್ರೂ ಕುದುರೆಗೆ ಆಗುತ್ತೆ.”

ಸಾಬರು ನಗಲಿಲ್ಲ. “ಇಲ್ಲಿ ಓಬಳಮ್ಮನ ಗುಡಿಸಲಿತ್ತು ಡಾಕ್ಟ್ರೇ. ಮಾಟ ಹಾಕೋಳು, ತೆಗೆಯೋಳು. ಕೊತ್ತಗೆರೆ ಕಡೆಯಿಂದೆಲ್ಲಾ ಜನ ಬರೋರು. ಕಟ್ಟಡಕ್ಕೆ ಅಂತ ಅವಳ ಹೊಸಿಲು ಕಿತ್ರು. ‘ಇನ್ನು ಈ ಮನೆ ಹೊಸಿಲು ನೀರೊಳಗೆ. ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ?’ ಅಂದ್ಳು. ಅಂದು ಈ ಮೆಟ್ಲು ಇಳಿದು ಹೋದೋಳು ಮೇಲೆ ಬರ್ಲಿಲ್ಲ. ಮೊದಲು ಬಾಡಿಗೆಗೆ ಬಂದವರ ಹೆಂಗಸೂ ಅದೇ ಮೆಟ್ಲು ಇಳಿದ್ಳು. ಆಮೇಲೆ ನಾನೇ ಆ ಹಳೇ ಹೊಸಿಲು ಹುಡುಕಿ ತಂದು ಕೂರಿಸಿ ಲಾಳ ಹೊಡೆದೆ. ಆರು ವರ್ಷ ಸುಮ್ಮನಿದ್ಳು.”

“ಇನ್ನು ಅರವತ್ತು ವರ್ಷಾನೂ ಸುಮ್ಮನಿರ್ತಾಳೆ ಬಿಡಿ” ಎಂದ ಮಹಾದೇವಯ್ಯ. ಬೀದೀಲಿ ಹೋಗೋ ಮಾರೀನ ಮನೆಗೆ ಕರೆಯುವವರು ಯಾವಾಗಲೂ ಹೀಗೇ ನಗುನಗುತ್ತಲೇ ಕರೆಯುತ್ತಾರೆ.

ಮಾರನೆಯ ಬೆಳಗ್ಗೆ ಅವನ ಹೆಂಡತಿ ಶಕುಂತಲಾ ತಲೆಗೆ ನೀರು ಹಾಕಿಕೊಂಡು, ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಬಂದವಳು ಹಾಗೇ ನಿಂತಳು. ಮದುವೆಯಾದ ಎರಡು ವರ್ಷದಲ್ಲಿ ಅವಳು ಹೊಸಿಲು ತೊಳೆದು, ಅರಿಶಿನ ಬಳಿದು, ಕುಂಕುಮವಿಟ್ಟು, ಒಂದೆಳೆ ರಂಗೋಲಿ ಎಳೆಯದೆ ಕಾಫಿ ಕುಡಿದವಳಲ್ಲ.

“ರೀ, ಎಲ್ಲಿ ಹಚ್ಲಿ?”

“ನನ್ನ ಹಣೆಗೇ ಹಚ್ಚು” ಎಂದು ಅವನು ಗಡ್ಡಕ್ಕೆ ಸೋಪು ಹಚ್ಚಿಕೊಳ್ಳುತ್ತಾ ನಕ್ಕ.

ಅವಳೂ ನಕ್ಕಳು. ಆಮೇಲೆ ಜಗಲಿ ದಾಟಿ, ಕೆರೆಯ ಮೊದಲನೇ ಮೆಟ್ಟಿಲನ್ನು ತೊಳೆದು ಅರಿಶಿನ ಬಳಿದಳು. ಕಲ್ಲಾದರೇನು, ಮರವಾದರೇನು, ಹೆಂಗಸರ ಸಮಾಧಾನ ಎಂದುಕೊಂಡು ಅವನು ಡ್ಯೂಟಿಗೆ ಹೋದ.

ಮಾರನೇ ದಿನ ಅರಿಶಿನ ಎರಡನೇ ಮೆಟ್ಟಿಲ ಮೇಲಿತ್ತು. ಅದರ ಮರುದಿನ ಮೂರನೆಯದರ ಮೇಲೆ. ನಾಲ್ಕನೇ ದಿನ ಅವನು ಬೇರೊಂದನ್ನು ಗಮನಿಸಿದ. ಶಕುಂತಲಾ ಮನೆಯೊಳಗೆ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದಳು. ಕೆರೆಯ ಮೆಟ್ಟಿಲು ಇಳಿಯುವಾಗ ಅದನ್ನು ಕಳಚಿ ಜೋಡಿಸಿಟ್ಟು, ಕಾಲೊರೆಸಿಕೊಂಡು ಹೋಗುತ್ತಿದ್ದಳು. ಕೇಳಿದರೆ, “ಒಳಗೆ ಯಾರಾದ್ರೂ ಚಪ್ಪಲಿ ಹಾಕ್ಕೊಂಡು ಹೋಗ್ತಾರೇನ್ರೀ?” ಎಂದು ಅವನನ್ನೇ ಬೈದಳು.

ಐದನೇ ದಿನ ಅವಳು ಅಡುಗೆಮನೆಯಲ್ಲಿ ನಿಂತು ಸೆರಗಿನಿಂದ ತಲೆ ಮುಚ್ಚಿಕೊಂಡಳು. ಬಿಸಿಲು ಚುರ್ ಅನ್ನುತ್ತಂತೆ. ಆರನೇ ದಿನ ಸಂಜೆ ಅವನು ಬಂದಾಗ ಮನೆ ಕತ್ತಲು, ದೀಪ ಉರಿಯುತ್ತಿದ್ದದ್ದು ಆರನೇ ಮೆಟ್ಟಿಲ ಮೇಲೆ. ಅವಳು ಅದರ ಪಕ್ಕ ಎಲೆ ಹಾಕಿ ಅನ್ನ ಬಡಿಸಿಕೊಂಡು ಕೂತಿದ್ದಳು. ಒಂದಲ್ಲ, ಎರಡು ಎಲೆ. ಎರಡನೇ ಎಲೆಯ ಅನ್ನ ಅರ್ಧ ಖಾಲಿಯಾಗಿತ್ತು, ಉಳಿದರ್ಧ ನೀರಲ್ಲಿ ನೆನೆದಿತ್ತು.

“ಯಾರಿಗೆ ಬಡಿಸಿದ್ದು?” ಎಂದ ಅವನು.

“ಮನೆಯೋರಿಗೆ” ಎಂದಳು. “ನೀವ್ಯಾಕೆ ಹೊರಗೇ ನಿಂತ್ರಿ? ಒಳಗೆ ಬನ್ನಿ.”

ಅವಳ ಸೀರೆಯ ಅಂಚಿನಿಂದ ಕೆಸರಿನ ವಾಸನೆ ಬರುತ್ತಿತ್ತು. ಹೊಸಿಲು ಕಿತ್ತ ದಿನ ಅಡಿಯಿಂದ ಎದ್ದಿತ್ತಲ್ಲ, ಅದೇ ವಾಸನೆ. ಮಹಾದೇವಯ್ಯನಿಗೆ ಭಯವಾಯಿತು. ಸತ್ಯವಾಗಿ ಭಯವಾಯಿತು. ಆದರೆ ಓದಿದವನ ಭಯ ಮೊದಲು ಬಾಗಿಲಿಗೆ ಬೀಗ ಹುಡುಕುತ್ತದೆ, ಆಮೇಲೆ ಬುದ್ಧಿ ಹುಡುಕುತ್ತದೆ. ಅವನು ಅವಳನ್ನು ಎಳೆದು ತಂದು ಒಳಗೆ ಬಿಟ್ಟು ಬಾಗಿಲಿಗೆ ಬೀಗ ಜಡಿದು, ಎರಡು ದಿನ ರಜೆ ಹಾಕಿ ಕಾವಲು ಕೂತ. ತುಮಕೂರಿನಿಂದ ಬಂದ ಡಾಕ್ಟರು ನಾಡಿ ಹಿಡಿದು, ನಿದ್ದೆ ಮಾತ್ರೆ ಬರೆದುಕೊಟ್ಟು ಹೋದರು. ಬೆಳಗಾದರೆ ಬಾಗಿಲು ಬೀಗದಲ್ಲೇ ಇರುತ್ತಿತ್ತು. ಅವಳು ಹಾಸಿಗೆಯಲ್ಲೇ ಇರುತ್ತಿದ್ದಳು. ಅರಿಶಿನ ಮಾತ್ರ ಏಳನೇ ಮೆಟ್ಟಿಲಿಗೆ, ಆಮೇಲೆ ಎಂಟನೆಯದಕ್ಕೆ ಇಳಿದಿತ್ತು. ಅವಳ ಉಗುರಿನಲ್ಲಿ ಹಸೀ ಅರಿಶಿನವಿತ್ತು.

ಒಂಬತ್ತನೇ ದಿನ ಮುಸ್ಸಂಜೆ ಅವಳು ಬಾಗಿಲು ಬಡಿಯತೊಡಗಿದಳು. ಒಳಗಿನಿಂದ.

“ಬಾಗ್ಲು ತೆಗೀರಿ! ಎಷ್ಟೊತ್ತು ಹೊರಗೆ ನಿಲ್ಲಿಸ್ತೀರಿ? ಒಳಗೆ ಬಿಡ್ರೀ!”

ಜಗಲಿಯಲ್ಲಿ ಕೂತಿದ್ದ ಮಹಾದೇವಯ್ಯ ದಡಕ್ಕನೆ ಎದ್ದುನಿಂತ. ಅದಕ್ಕಿಂತ ಹೆಚ್ಚಾಗಿ ಹೆದರಿಸಿದ್ದು ಬೆನ್ನ ಹಿಂದಿನ ಸದ್ದು. ಗಾಳಿಯಿಲ್ಲ, ಅಲೆಯಿಲ್ಲ. ನೀರಿನಲ್ಲಿ ಯಾರೋ ಬಳೆ ಸರಿಮಾಡಿಕೊಂಡು ಎದ್ದುಬಂದಂತೆ ಗಲಗಲ. ಜೊತೆಗೆ ಒಂದು ಮುದಿ ದನಿ, ಮನೆಯಿಂದ ಮನೆಗೆ ಕೂಗುವಷ್ಟು ಸಲುಗೆಯಲ್ಲಿ: “ಬಂದೆ ತಡಿಯವ್ವಾ, ತೆಗೀತೀನಿ.”

ಅವನು ತಿರುಗಿ ನೋಡಲಿಲ್ಲ. ಓಡಿದ. ಕಟ್ಟಡ ಸುತ್ತುಹಾಕಿ ರಸ್ತೆ ಕಡೆ ಬಂದು ಹಬೀಬ್ ಸಾಬರ ಅಂಗಡಿಯ ಮುಂದೆ ಕುಸಿದ.

ಸಾಬರು ಆ ಲಾಳವನ್ನು ಬಿಸಾಕಿರಲಿಲ್ಲ. ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. “ಹೊಸಿಲು ಎಲ್ಲಿ?” ಎಂದರು.

ಪಕ್ಕದ ಹೋಟೆಲಿನಿಂದ ಸರ್ವಮಂಗಳಮ್ಮ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ಹೇಳಿದಳು. “ಸುಟ್ಟೋಯ್ತು ಸಾಬ್ರೇ. ಎರಡು ದಿನ ಹತ್ತಲೇ ಇಲ್ಲ, ಬರೀ ನೀರು ಸುರಿಸ್ತು. ಮೂರನೇ ದಿನ ಒಂದೇ ಸಲ ಧಗ್ಗಂತ ಉರಿದು ಬೂದಿ ಆಯ್ತು.”

“ಬೇರೆ ಮರ ತರಿಸ್ತೀನಿ. ತೇಗದ್ದೇ ತರಿಸ್ತೀನಿ” ಎಂದ ಮಹಾದೇವಯ್ಯ.

“ಅವಳು ಮರ ಕೇಳ್ತಾ ಇಲ್ಲ ಡಾಕ್ಟ್ರೇ. ನಾಳೆ ಬೆಳಗ್ಗೆ ಹತ್ತನೇದು. ಮೆಟ್ಲು ಇರೋದು ಒಂಬತ್ತು.” ಸಾಬರು ಲಾಳವನ್ನು ಅವನ ಅಂಗೈಯಲ್ಲಿಟ್ಟರು. “ಕಿತ್ತೋರೇ ಹೊಸಿಲಾಗ್ಬೇಕು. ಬಾಗ್ಲಿಗೆ ಅಡ್ಡ ಮಲಗಿ, ಇದನ್ನ ಎದೆ ಮೇಲೆ ಇಟ್ಕೊಳ್ಳಿ. ಅವರು ನಿಮಗೆ ಅರಿಶಿನ ಹಚ್ಚಿದ್ರೆ ಉಳೀತಾರೆ. ದಾಟಿದ್ರೆ ಹೋದ್ರು. ಆದ್ರೆ ಒಂದ್ಸಲ ಅಡ್ಡ ಬಿದ್ದೋರು ಏಳ್ತಾರೋ ಇಲ್ವೋ ನನಗೊತ್ತಿಲ್ಲ.”

ಮಹಾದೇವಯ್ಯ ಲಾಳವನ್ನು ಬಿಗಿಯಾಗಿ ಹಿಡಿದುಕೊಂಡ. ಈ ಸಲ ನಗಲಿಲ್ಲ. ಅವನ ತಪ್ಪುಗಳನ್ನು ಎಷ್ಟು ಬೇಕಾದರೂ ಎಣಿಸಬಹುದು, ಹೆಂಡತಿಯ ಮೇಲೆ ಪ್ರೀತಿಯಿರಲಿಲ್ಲ ಎಂದು ಮಾತ್ರ ಯಾರೂ ಹೇಳುವಂತಿಲ್ಲ.

ಬೆಳಕು ಹರಿಯುವ ಮುಂಚೆ ಅವನು ಬೀಗ ತೆಗೆದು ಬಾಗಿಲಿಗೆ ಅಡ್ಡ ಮಲಗಿದ. ಹೊಸಿಲಿದ್ದ ಗುಂಡಿಗೆ ಅವನ ಬೆನ್ನು ಅಳತೆ ತೆಗೆದಂತೆ ಕೂತಿತು. ಕೆಳಗಿನ ಮಣ್ಣು ತಣ್ಣಗಿತ್ತು. ಎದೆಯ ಮೇಲೆ ಲಾಳ ಭಾರವಾಗಿತ್ತು.

ಮೊದಲು ವಾಸನೆ ಬಂತು. ಆಮೇಲೆ ನೀರು ಬಂತು. ಮೆಟ್ಟಿಲೇರಿ, ಜಗಲಿಯೇರಿ, ಅವನ ಪಕ್ಕೆಗೆ ತಾಗಿತು. ತಲೆ ಹೊರಳಿಸಿದ. ಕಂಬದ ಪಕ್ಕದಲ್ಲಿ ಎರಡು ಪಾದ. ನೆನೆದು ಬಿಳಿಚಿದ ಪಾದ. ಹೆಬ್ಬೆರಳಿಗೆ ಪಾಚಿ. ಬಳೆ ಗಲಗಲ.

“ಬಾರವ್ವಾ. ಒಳಗೆ ಬಾ.”

ಮನೆಯೊಳಗಿಂದ ಶಕುಂತಲಾ ಬಂದಳು. ತಟ್ಟೆ ಹಿಡಿದಿದ್ದಳು. ಕಣ್ಣು ಅವನ ಮೇಲಿರಲಿಲ್ಲ. ನೀರಿನ ಮೇಲಿತ್ತು. ಬಂದಳು. ಹತ್ತಿರ ಬಂದಳು. ಬಲಗಾಲು ಎತ್ತಿದಳು. ಶಕುಂತಲಾ! ಕೂಗಿದ. ದನಿ ಹೊರಡಲಿಲ್ಲ. ಕಾಲು ಅವನ ಎದೆಯ ಮೇಲೆ ಬಂತು. ನಿಂತಿತು. ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಲಾಳ ಬಿಸಿಯಾಯಿತು. ಮಾಂಸಕ್ಕೆ ಇಳಿಯಿತು. ಮೂಳೆಗೆ ಇಳಿಯಿತು. ಕಾಲು ಹಿಂದಕ್ಕೆ ಹೋಯಿತು.

ಅವಳು ಕೂತಳು. ಅವನ ಹಣೆಗೆ ಅರಿಶಿನ ಬಳಿದಳು. ಕುಂಕುಮವಿಟ್ಟಳು. ತಲೆಯಿಂದ ಕಾಲಿನವರೆಗೆ ಒಂದೆಳೆ ರಂಗೋಲಿ ಎಳೆದಳು. ಹೊರಗೆ ಯಾರೋ ಹಲ್ಲು ಕಡಿದರು. ನೀರು ಜಗಲಿಯಿಂದ ಇಳಿಯಿತು. ಮೆಟ್ಟಿಲಿನಿಂದ ಇಳಿಯಿತು. ಕೆರೆ ಕೆರೆಯಾಯಿತು.

“ಅಯ್ಯೋ, ಚಪ್ಪಲಿ ಯಾಕೆ ಒಳಗಿದೆ?” ಎಂದು ಶಕುಂತಲಾ ತನ್ನ ಚಪ್ಪಲಿಯನ್ನು ಎತ್ತಿ ಹೊರಗಿಟ್ಟಳು. ಅವಳ ದನಿ ಮೊದಲಿನಂತೆಯೇ ಇತ್ತು. ಮಹಾದೇವಯ್ಯನಿಗೆ ಅಳು ಬಂತು. ಏಳಲು ನೋಡಿದ. ಆಗಲಿಲ್ಲ.

ಹಗಲಾದ ಮೇಲೆ ಸಾಬರು ಬಂದು ನೋಡಿದರು. ಬಾಗಿಲಲ್ಲಿ ಕರೀ ಮರದ ಹೊಸಿಲೊಂದು ಭದ್ರವಾಗಿ ಕೂತಿತ್ತು. ನಡುವೆ ಲಾಳ. ಸಾಬರು ಅಲ್ಲೇ ಕೂತು ಬಹಳ ಹೊತ್ತು ಅತ್ತರು. ಡಾಕ್ಟರು ಎಲ್ಲಿ ಹೋದರು ಎಂದು ಆಸ್ಪತ್ರೆಯವರು ಬಂದು ಕೇಳಿದರು, ಪೊಲೀಸರು ಬಂದು ಬರೆದುಕೊಂಡು ಹೋದರು. ಶಕುಂತಲಾ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು. “ಕ್ಯಾಂಪಿಗೆ ಹೋಗಿದಾರೆ. ಬರ್ತಾರೆ.” ದಿನಾ ಬೆಳಗ್ಗೆ ಅವಳು ಹೊಸಿಲು ತೊಳೆಯುವಾಗ ಮಹಾದೇವಯ್ಯ ಅವಳ ಹೆಸರು ಹಿಡಿದು ಕೂಗುತ್ತಿದ್ದ. ಅವಳು ಒಂದು ಸಲ ಸಾಬರನ್ನು ಕರೆದು, “ಈ ಮರ ಯಾಕೋ ಕಿರ್ ಅನ್ನುತ್ತೆ, ಸ್ವಲ್ಪ ಎಣ್ಣೆ ಬಿಡಿ” ಎಂದಳು. ಸಾಬರು ಎಣ್ಣೆ ಬಿಟ್ಟರು. ಪ್ರತಿ ಶುಕ್ರವಾರ ಬಂದು, ಬಗ್ಗಿ, “ಅವರು ಚೆನ್ನಾಗಿದಾರೆ ಡಾಕ್ಟ್ರೇ” ಎಂದು ಹೇಳಿಹೋಗುತ್ತಿದ್ದರು. ಅವನಿಗೆ ಅಷ್ಟೇ ಸಾಕಾಗಿತ್ತು.

ಎಂಬತ್ತನಾಲ್ಕರ ಬೇಸಿಗೆಯಲ್ಲಿ ಸಾಬರು ತೀರಿಕೊಂಡರು. ಅಂಗಡಿಗೆ ಬೀಗ ಬಿತ್ತು. ಅದಾದ ಹತ್ತನೇ ದಿನಕ್ಕೆ ಮಗಳನ್ನು ಕರೆದುಕೊಂಡು ಹೋಗಲು ಗುಬ್ಬಿಯಿಂದ ಚನ್ನವೀರಯ್ಯನವರು ಲಾರಿ ತೆಗೆದುಕೊಂಡು ಬಂದರು. ಎರಡು ವರ್ಷ ಕಾದದ್ದು ಸಾಕು, ಒಂಟಿ ಹೆಣ್ಣನ್ನು ಕೆರೆ ದಡದಲ್ಲಿ ಬಿಡಲಾರೆ ಎಂದರು. ಪಾತ್ರೆಪಗಡ ಹೋಯಿತು, ಮಂಚ ಹೋಯಿತು. ಕೊನೆಗೆ ಬೀರು ಬಾಗಿಲಿಗೆ ಬಂದು ನಿಂತಿತು. ಎರಡು ಅಂಗುಲ ಸಾಲದು.

ಕೆಳಗಿನಿಂದ ಮಹಾದೇವಯ್ಯ ಹಾರೆಯ ತುದಿಯನ್ನು ನೋಡಿದ. ಅದರಾಚೆ ಶಕುಂತಲಾಳ ಪಾದ ನೋಡಿದ. ಬಲವೆಲ್ಲ ಒಟ್ಟುಮಾಡಿ ಕೂಗಿದ. ಕೀಳ್ಬ್ಯಾಡಿ ಮಾವ! ನಿಮ್ಮ ಕಾಲಿಗೆ ಬೀಳ್ತೀನಿ, ಹೊಸಿಲು ಕೀಳ್ಬ್ಯಾಡಿ!

“ಏನಪ್ಪಾ ಇದು, ಹಿಂಗೆ ಕಿರ್ ಅಂತದೆ?” ಎಂದ ಹಾರೆ ಹಿಡಿದವನು.

“ಹಳೇ ಮರ ಕಣಪ್ಪಾ” ಎಂದರು ಚನ್ನವೀರಯ್ಯನವರು ನಗುತ್ತಾ. “ಹಾಕು ಹಾರೆ.”

ಕೆರೆಯ ಕಡೆಯಿಂದ ಬಳೆ ಸರಿಮಾಡಿಕೊಳ್ಳುವ ಸದ್ದು ಅವನಿಗೊಬ್ಬನಿಗೇ ಕೇಳಿಸಿತು.