ಗೆದ್ವಲ್ಲ, ಇನ್ನೇನು?

"ಹೋಯ್ತು," ಅಂದಳು ರಕ್ಷಿತಾ.

ಚೆಂಡು ರಿಂಗಿನ ಹಿಂಬದಿಗೆ ಟಣ್ ಎಂದು ಬಡಿದು, ಎಸೆದವನ ಕಡೆಗೇ ನೆಟ್ಟಗೆ ವಾಪಸ್ ಬಂತು. ಅದು ಗುರುಕಿರಣ್ ಮಾಮನ ನಾಲ್ಕನೇ ಫ್ರೀ ಥ್ರೋ, ಯಾರೂ ಅಡ್ಡ ಬರದೆ ನಿಂತಲ್ಲಿಂದಲೇ ಎಸೆಯುವುದು. ನಾಲ್ಕೂ ಮಿಸ್.

"ಇರ್ಲಿ ಬಿಡೇ, ಇನ್ನೂ ಮುಂದಿದೀವಿ," ಅಂದಳು ಗ್ಯಾಲರಿಯಲ್ಲಿ ಪಕ್ಕದಲ್ಲೇ ಕೂತಿದ್ದ ಅಮ್ಮ.

ಗುರುಕಿರಣ್ ಅಮ್ಮನ ತಮ್ಮ. ಬಾಸ್ಕೆಟ್‌ಬಾಲ್ ಲೀಗಿನಲ್ಲಿ ಮೈಸೂರು ತಂಡಕ್ಕೆ ಸಂಬಳ ತಗೊಂಡು ಆಡುತ್ತಾನೆ. ಬೆನ್ನ ಮೇಲೆ ಹೆಸರಿರುವ ಜರ್ಸಿ ಹಾಕಿಕೊಂಡು ಟಿವಿಯಲ್ಲಿ ಬರುವ ಮಾಮ ರಕ್ಷಿತಾಳ ಆರನೇ ಕ್ಲಾಸಿನಲ್ಲಿ ಇನ್ಯಾರಿಗೂ ಇರಲಿಲ್ಲ.

ಸ್ವಲ್ಪ ಹೊತ್ತಿನ ಹಿಂದೆ ಹದಿನಾಲ್ಕು ಪಾಯಿಂಟ್ ಮುಂದಿದ್ದ ತಂಡ ಈಗ ಬರೀ ಐದು ಪಾಯಿಂಟ್ ಮುಂದಿತ್ತು. ಅಷ್ಟರಲ್ಲಿ ಮಾಮನಿಗೆ ಮಹದೇವ ಪಾಸ್ ಕೊಟ್ಟ. ಮಹದೇವ ತಂಡದಲ್ಲೇ ಚಿಕ್ಕವನು, ಈ ವರ್ಷ ಸೇರಿದವನು. ಚೆಂಡು ನೇರವಾಗಿ ಮಾಮನ ಎದೆಮಟ್ಟಕ್ಕೆ ಬಂತು. ಮಾಮ ಕೈ ಚಾಚಿದ, ಆದರೆ ಬೆರಳು ಬಿಗಿಯಲಿಲ್ಲ. ಚೆಂಡು ಜಾರಿ ಎದುರು ತಂಡದವನಿಗೆ ಸಿಕ್ಕಿತು. ಅವನು ಓಡಿಹೋಗಿ ಬಾಸ್ಕೆಟ್ ಹಾಕಿಯೇಬಿಟ್ಟ.

"ಏಯ್ ಮಹದೇವ, ಪಾಸ್ ಕೊಡಕ್ಕೂ ಬರಲ್ವೇನೋ?" ಹಿಂದಿನ ಸಾಲಿನಿಂದ ಯಾರೋ ಕೂಗಿದರು. "ಮನೇಗೋಗಿ ಗೋಲಿ ಆಡೋಗು."

ಗ್ಯಾಲರಿಯೆಲ್ಲ ನಕ್ಕಿತು. ಆಮೇಲೆ ಎಲ್ಲರೂ ಸೇರಿ ತಾಳ ಹಾಕುತ್ತ ಶುರು ಮಾಡಿದರು: "ಮಹದೇವ ಔಟ್, ಮಹದೇವ ಔಟ್."

ಮಾಮ ಸೊಂಟದ ಮೇಲೆ ಕೈಯಿಟ್ಟು ನೆಲ ನೋಡುತ್ತ ನಿಂತಿದ್ದ. 'ತಪ್ಪು ನಂದು' ಅಂತ ಎದೆ ಮುಟ್ಟಿ ತೋರಿಸಿದ್ದರೆ ಸಾಕಿತ್ತು. ತೋರಿಸಲಿಲ್ಲ.

ಮೂರು ಪಾಯಿಂಟಿನಿಂದ ಮೈಸೂರು ಗೆದ್ದಿತು. ಜನ ಎದ್ದು ಕುಣಿದರು. ರಕ್ಷಿತಾಗೆ ಮಾತ್ರ ಚಪ್ಪಾಳೆ ಹೊಡೆಯಲು ಕೈ ಬರಲಿಲ್ಲ.

ಪ್ರತಿವಾರ ಮಾಮ ನೂರು ಫ್ರೀ ಥ್ರೋ ಪ್ರಾಕ್ಟೀಸ್ ಮಾಡುವಾಗ ಚೆಂಡು ಹಿಡಿದು ಕೊಡುವವಳು ಅವಳೇ. ನೂರರಲ್ಲಿ ಎಂಬತ್ತೈದಕ್ಕೆ ಕಡಿಮೆ ಅವನು ಎಂದೂ ಹಾಕಿದ್ದಿಲ್ಲ. ತಪ್ಪಿದರೂ ಚೆಂಡು ಬಲಕ್ಕೇ ಹೋಗುತ್ತದೆ. ಹಳೇ ಪೆಟ್ಟಿನಿಂದ ಅವನ ಮಣಿಕಟ್ಟು ಚೂರು ಹೊರಳುತ್ತದೆ. ಅದಕ್ಕೇ ರಕ್ಷಿತಾ ಯಾವಾಗಲೂ ಬಲಗಡೆ ನಿಲ್ಲುವುದು. ಇವತ್ತಿನ ನಾಲ್ಕೂ ಒಂದೇ ಜಾಗಕ್ಕೆ ಬಡಿದಿದ್ದವು. ಗುರಿ ಇಡದೆ ಯಾರಿಗೂ ಹಾಗೆ ತಪ್ಪಲು ಬರುವುದಿಲ್ಲ.

ರಾಮಕೃಷ್ಣನಗರದ ಮನೆಗೆ ಬಂದ ಮೇಲೆ ಮಾಮ ಅವಳ ಮುಂದೆ ಒಂದು ಡಬ್ಬಿ ಇಟ್ಟ. ಒಳಗೆ ಕೆಂಪು ಬಾಸ್ಕೆಟ್‌ಬಾಲ್ ಶೂಸ್. ಅವಳು ಒಂದು ವರ್ಷದಿಂದ ಕೇಳುತ್ತಿದ್ದದ್ದೇ.

"ಮಾಮ, ಬೇಕು ಅಂತ ಮಿಸ್ ಮಾಡಿದ್ಯಾ?"

"ಏನೇ ಇದು, ದೊಡ್ಡ ರೆಫರಿ ಥರ. ಗೆದ್ವಲ್ಲ, ಇನ್ನೇನು?"

"ನಿಂದು ಬಲಕ್ಕೆ ತಾನೇ ತಪ್ಪೋದು?"

ಮಾಮನ ನಗು ನಿಂತಿತು. ಅಡುಗೆಮನೆಯಲ್ಲಿ ಅಮ್ಮ ಒಗ್ಗರಣೆ ಹಾಕುತ್ತಿದ್ದಳು. ಮಾಮ ರೂಮಿನ ಬಾಗಿಲು ಮುಂದಕ್ಕೆ ಎಳೆದು, ದನಿ ತಗ್ಗಿಸಿದ.

"ನೋಡು ಪುಟ್ಟಿ, ಸೋಲು ಅಂತ ನಂಗೆ ಯಾರೂ ಹೇಳ್ಲಿಲ್ಲ. ಎಷ್ಟು ಪಾಯಿಂಟಲ್ಲಿ ಗೆಲ್ತೀವಿ ಅನ್ನೋದ್ರ ಮೇಲೂ ಬೆಟ್ ಕಟ್ಟೋರು ಇರ್ತಾರೆ. ಹತ್ತಕ್ಕಿಂತ ಜಾಸ್ತಿ ಪಾಯಿಂಟಲ್ಲಿ ಗೆಲ್ಬೇಡಿ ಅಂದ್ರು, ಅಷ್ಟೇ. ಒಂದು ಕವರ್ ಕೊಟ್ರು. ನಾವೂ ಗೆದ್ವಿ, ಅವ್ರಿಗೂ ಖುಷಿ. ಯಾರಿಗೇನು ನಷ್ಟ, ಹೇಳು?"

ರಕ್ಷಿತಾ ಡಬ್ಬಿಯ ಮುಚ್ಚಳ ಹಾಕಿದಳು.

"ಮಹದೇವಣ್ಣಂಗೆ ಎಲ್ರೂ ಬೈದ್ರಲ್ಲ. ಅವನ ಪಾಸ್ ಸರಿಯಾಗೇ ಇತ್ತು."

"ಹುಡುಗ ಕಣೇ ಅವನು. ನಾಳೆಗೆ ಮರ್ತ್‌ಬುಡ್ತಾನೆ."

"ನಾನು ಪೆನ್ಸಿಲ್ ಕದ್ದು ಪಕ್ಕದೋಳ ಬ್ಯಾಗಿಗೆ ಹಾಕಿದ್ರೆ ನೀನು ಸುಮ್ನಿರ್ತಿದ್ಯಾ?"

ಮಾಮ ಡಬ್ಬಿಯನ್ನು ಇನ್ನಷ್ಟು ಅವಳ ಕಡೆಗೆ ಸರಿಸಿದ.

"ನಿಮ್ಮ ಕೋಚ್ ಸುಂದರೇಶ ಸರ್‌ಗೆ ನಾಳೆ ನೀನೇ ಹೇಳು. ಇಲ್ಲಾಂದ್ರೆ ನಾನ್ ಹೇಳ್ತೀನಿ."

"ಹೇಳಿದ್ರೆ ನನ್ನ ಆಟ ಮುಗೀತು. ಗೊತ್ತಾ ನಿಂಗೆ?"

ಅವಳಿಗೆ ಗೊತ್ತಿರಲಿಲ್ಲ. ಆದರೂ ಡಬ್ಬಿಯನ್ನು ಅವನ ಕಡೆಗೆ ತಳ್ಳಿ ಎದ್ದುಹೋದಳು.

ಬೆಳಿಗ್ಗೆ ಮಾಮ ಸ್ಕೂಟರ್ ಹೊರಗೆ ತೆಗೆದಾಗ ಅವಳು ಯೂನಿಫಾರ್ಮಿನಲ್ಲೇ ಬಂದು ಹಿಂದೆ ಕೂತಳು. ಬೇಡ ಅನ್ನಲು ಅವನಿಗೆ ಆಗಲಿಲ್ಲ.

ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಕೋಚ್ ಸುಂದರೇಶ ಸರ್ ಮಹದೇವನ ಎದುರು ನಿಂತಿದ್ದರು. "ಶನಿವಾರದ ಮ್ಯಾಚಿಗೆ ನೀನು ಆಚೆ ಕೂತ್ಕೋಪ್ಪ. ಅಂಥಾ ಪಾಸ್ ಕೊಟ್ರೆ ಹೆಂಗೆ?"

"ಸರಿ ಸರ್," ಅಂದ ಮಹದೇವ. ಒಂದು ಮಾತು ವಾದ ಮಾಡಲಿಲ್ಲ.

ಅವನು ಹಾಗೆ ತಲೆ ತಗ್ಗಿಸಿದ್ದು ನೋಡಿ ರಕ್ಷಿತಾಗೆ ಸಿಟ್ಟು ನೆತ್ತಿಗೇರಿತು. ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಮಾಮ ಮುಂದೆ ಬಂದ.

"ಸರ್, ಪಾಸ್ ಚೆನ್ನಾಗೇ ಇತ್ತು. ನಾನೇ ಬಿಟ್ಟೆ. ಬೇಕು ಅಂತ ಬಿಟ್ಟೆ. ಫ್ರೀ ಥ್ರೋನೂ ಅಷ್ಟೇ. ದುಡ್ಡು ಇಸ್ಕೊಂಡಿದ್ದೆ."

ಸರ್ ಕೂಗಾಡುತ್ತಾರೆ ಅಂದುಕೊಂಡಿದ್ದಳು ರಕ್ಷಿತಾ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಲೀಗಿನೋರಿಗೆ ನಾನು ಹೇಳ್ಬೇಕೋ, ನೀನೇ ಬರ್ದುಕೊಡ್ತೀಯೋ?"

"ಬರ್ದುಕೊಡ್ತೀನಿ ಸರ್."

"ಜರ್ಸಿ ಇಲ್ಲಿಟ್ಟು ಹೋಗು."

ಮಾಮ ಮಹದೇವನ ಕಡೆ ತಿರುಗಿದ. "ಸಾರಿ ಕಣೋ."

ಮಹದೇವ 'ಪರವಾಗಿಲ್ಲ' ಅನ್ನಲಿಲ್ಲ.

"ನಮ್ಮವ್ವ ಟಿವಿಲಿ ನೋಡ್ತಿತ್ತು ಕಣಣ್ಣ," ಅಂದ. "ಮೇಟಗಳ್ಳಿಲಿ ಬೀದಿಯೋರ್ನೆಲ್ಲ ಕರ್ದು ಕೂರಿಸ್ಕೊಂಡಿತ್ತು. ಜನ ಎಲ್ಲ ಔಟ್ ಔಟ್ ಅಂತಿದ್ದಂಗೇ ಟಿವಿ ಆರಿಸ್ಬುಡ್ತಂತೆ. ನಾನು ಮನೇಗೋದಾಗ ಊಟಕ್ಕೆ ಬಡಿಸ್ತು, ಮ್ಯಾಚ್ ಬಗ್ಗೆ ಏನೂ ಕೇಳ್ಲೇ ಇಲ್ಲ."

ಇಷ್ಟು ಹೇಳಿ ಅವನು ಚೆಂಡು ತಗೊಂಡು ಕೋರ್ಟಿನ ಆ ತುದಿಗೆ ಹೊರಟುಹೋದ.

ಇಬ್ಬರೂ ಸ್ಕೂಟರಿನಲ್ಲಿ ವಾಪಸ್ ಹೊರಟರು. ಮಾಮ ಹೇಳಿಬಿಟ್ಟರೆ ಎಲ್ಲ ಮೊದಲಿನ ಹಾಗೆ ಆಗುತ್ತದೆ ಅಂತ ರಾತ್ರಿಯೆಲ್ಲ ಅಂದುಕೊಂಡಿದ್ದಳು ರಕ್ಷಿತಾ. ಈಗ ಹೇಳಿಯೂ ಆಗಿತ್ತು. ಆದರೆ ಆರಿದ ಟಿವಿಯ ಮುಂದೆ ಕೂತ ಒಬ್ಬ ಅಮ್ಮ ಅವಳ ಕಣ್ಣ ಮುಂದಿನಿಂದ ಹೋಗುತ್ತಲೇ ಇರಲಿಲ್ಲ.

ಮನೆಗೆ ತಿರುಗುವ ಸರ್ಕಲ್ ಬಂತು. ಮಾಮ ತಿರುಗಲಿಲ್ಲ. ನೆಟ್ಟಗೆ ಹೋಗಿ ಕೆಆರ್‌ಎಸ್ ರಸ್ತೆ ಹಿಡಿದ. ಸ್ಕೂಲಿಗೆ ಲೇಟಾಗುತ್ತದೆ ಎಂದು ರಕ್ಷಿತಾ ಹೇಳಲಿಲ್ಲ.

ಮೇಟಗಳ್ಳಿಯಲ್ಲಿ ಹೂವಿನ ಅಂಗಡಿಯವರನ್ನು ಕೇಳಿ ಇಬ್ಬರೂ ಮಹದೇವನ ಮನೆಯ ಬೀದಿ ಹುಡುಕಿದರು. ನೀಲಿ ಬಾಗಿಲಿನ ಸಣ್ಣ ಮನೆ. ಮಾಮ ಬಾಗಿಲ ಮುಂದೆ ನಿಂತು ಎರಡು ಸಲ ಕೈ ಎತ್ತಿದ, ಎರಡು ಸಲವೂ ಇಳಿಸಿದ. ಆಮೇಲೆ ತಿರುಗಿ ಅವಳನ್ನು ನೋಡಿದ.

ಅವನ ಬದಲು ತಾನೇ ತಟ್ಟಬಹುದು ಅನ್ನಿಸಿತು ರಕ್ಷಿತಾಗೆ. ತಟ್ಟಲಿಲ್ಲ. ಅವನ ಪಕ್ಕಕ್ಕೆ ಬಂದು ನಿಂತು, ಸುಮ್ಮನೆ ಕಾದಳು.